ಬೋಲ್ಟನ್ನಿನ ಕುಸ್ತಿ ಕಣದಲ್ಲಿ ಮೂರು ಕ್ಯಾಮೆರಾ

ಹರಿಹರ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳ ವಿಷಯ ಬರೆಯುತ್ತಾರೆ. ನಾನೂ ಇಂಗ್ಲೆಂಡಿಗೆ ಹೋಗಿ ಬಂದೆ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣಿಸುವುದು ಒಂದು ಸಭಾಂಗಣದ ಹಿಂದಿನ ಓಣಿಯಲ್ಲಿ ನಿಂತಿದ್ದ ಹಸಿರು ವ್ಯಾನು, ಮತ್ತು ಅದರೊಳಗಿನ ಕತ್ತಲೆ. ಅಂಥ ಚಳಿಯ ದೇಶದಲ್ಲಿ ನಾನು ಬೆವತದ್ದು ಆ ವ್ಯಾನಿನಲ್ಲಿ ಒಂದೇ ಸಲ.

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆ ಹರಿಹರದಲ್ಲಿ. ನನ್ನ ಅಕ್ಕ ನಾಗಕ್ಕನನ್ನು ಕಡರನಾಯಕನಹಳ್ಳಿಗೆ ಕೊಟ್ಟಿದೆ. ಅವಳ ಗಂಡ ಹಾಲಪ್ಪ, ನನ್ನ ಭಾವ, ಹಗಲು ಗದ್ದೆಯ ಕೆಲಸ ಮಾಡುವ ರೈತ. ಕುಸ್ತಿಯ ಕಾಲ ಬಂತೆಂದರೆ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಹೆಸರಾದ ಪೈಲ್ವಾನ್. ದಾವಣಗೆರೆಯ ಒಂದು ದೊಡ್ಡ ಕುಸ್ತಿಯಲ್ಲಿ ಅವರನ್ನು ನೋಡಿದ ಬೊಂಬಾಯಿಯ ಏಜೆಂಟನೊಬ್ಬ, ಇಂಗ್ಲೆಂಡಿನಲ್ಲಿ ಒಂದು ಚಳಿಗಾಲ ಕುಸ್ತಿ ಆಡಿ ಬರುವಿರಾ ಎಂದು ಕೇಳಿದ. ಭಾವ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: "ನಮ್ಮ ರುದ್ರೇಶಿ ಬಂದ್ರೆ ಬರ್ತೀನಿ. ನನಗೆ ಇಂಗ್ಲೀಷು ಬರಲ್ಲ."

ಹೀಗೆ ನಾನು ಅವರ ಬಾಯಿಯಾಗಿ ಹೊರಟೆ.

ಹರಿಹರದ ಸ್ಟೇಶನ್ನಿನಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ನೋಡಪ, ಅವ್ರಿಗೆ ಸಿಟ್ಟು ಜಾಸ್ತಿ, ಮಾತು ಕಮ್ಮಿ. ನೋವಾದ್ರೆ ಹೇಳೋರಲ್ಲ. ಮನ್ಯಾಗ ನನಗೇ ಹೇಳಲ್ಲ, ಅಲ್ಲಿ ಯಾರಿಗೆ ಹೇಳ್ತಾರೆ? ನೀನೇ ಮುಖ ನೋಡಿ ತಿಳ್ಕಬೇಕು," ಎಂದಳು. ನಾನು ಹೂಂ ಎಂದೆ. ರೈಲು ತುಂಗಭದ್ರೆಯ ಸೇತುವೆ ದಾಟುವಾಗ ಎದುರಿಗೆ ಕೂತಿದ್ದ ಭಾವನ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಅಲ್ಲಿಂದಲೇ ನನಗೆ ದಿಗಿಲು ಹತ್ತಿತು.

ಬೋಲ್ಟನ್

ಹಡಗಿನ ವಾಂತಿ, ಲಂಡನ್ನಿನ ಮಂಜು, ಇವುಗಳನ್ನು ಬಿಟ್ಟುಬಿಡುತ್ತೇನೆ. ನಮ್ಮನ್ನು ಇಳಿಸಿದ್ದು ಬೋಲ್ಟನ್ ಎಂಬ ಗಿರಣಿ ಊರಿನಲ್ಲಿ. ರೈಲಿನಿಂದ ಇಳಿದು ತಲೆ ಎತ್ತಿದರೆ ಸಾಲುಸಾಲು ಹೊಗೆ ಚಿಮಣಿ. ಭಾವ ಮೂಗೇರಿಸಿ ನೋಡಿ, "ಅಲ್ಲೋ, ಇಷ್ಟು ದೂರ ಬಂದು ಮತ್ತೆ ದಾವಣಗೆರಿಗೇ ಇಳಿದ್ವಲ್ಲೋ," ಎಂದರು. ನಿಜ. ಬೆಳಗಿನ ಸೈರನ್ನು, ತಲೆಗೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡು ಪಾಳಿ ಮುಗಿಸಿ ಬರುವ ಹೆಂಗಸರು, ಎಲ್ಲ ನಮ್ಮ ಗಿರಣಿಗಳ ರಸ್ತೆಯಂತೆಯೇ. ವ್ಯತ್ಯಾಸ ಎರಡೇ. ಇಲ್ಲಿ ಬಿಸಿಲಿಲ್ಲ, ಮತ್ತು ಇಲ್ಲಿ ಪ್ರತಿ ಮನೆಯ ಮಾಡಿನ ಮೇಲೂ ಒಂದು ಕಬ್ಬಿಣದ ಕಡ್ಡಿಗಳ ಕೊಂಬು. ಅದು ಟೆಲಿವಿಷನ್ನಿನದು ಎಂದು ಆಮೇಲೆ ಗೊತ್ತಾಯಿತು.

ನಾವು ಇಳಿದುಕೊಂಡದ್ದು ಮಿಸೆಸ್ ಕ್ಲೆಗ್ ಎಂಬ ವಿಧವೆಯ ಮನೆಯಲ್ಲಿ. ಅವಳೂ ಗಿರಣಿಯಲ್ಲಿ ದುಡಿದವಳು, ಮಗ್ಗದ ಸದ್ದಿಗೆ ಕಿವಿ ಮಂದವಾಗಿ ಜೋರಾಗಿ ಮಾತಾಡುವವಳು. ಮೊದಲ ಬೆಳಗ್ಗೆಯೇ ಒಂದು ಅವಾಂತರ. ನಾನು ಏಳುವ ಹೊತ್ತಿಗೆ ಭಾವ ವಾಯುಸೇವನೆ ಮುಗಿಸಿ ಬಂದು ತೃಪ್ತಿಯಿಂದ ಮೀಸೆ ಒರೆಸಿಕೊಳ್ಳುತ್ತಿದ್ದರು.

"ಒಳ್ಳೆ ಜನ ಕಣೋ. ಪೈಲ್ವಾನ್ ಬಂದಾನೆ ಅಂತ ಗೊತ್ತಾಗಿ ಮನಿ ಮನಿ ಮುಂದೆ ಹಾಲಿನ ಬಾಟ್ಲಿ ಇಟ್ಟಾರೆ."

ನಮ್ಮಲ್ಲಿ ಗರಡಿಯ ಹುಡುಗರಿಗೆ ಓಣಿಯ ಮನೆಗಳಿಂದ ಚೊಂಬಿನಲ್ಲಿ ಹಾಲು ಬರುವುದುಂಟು. ಇಲ್ಲಿ ಅದು ಹಾಲಿನವನು ಅವರವರ ಮನೆಗೆ ಇಟ್ಟು ಹೋದ ಹಾಲು. ಭಾವ ಆರು ಮನೆಯ ಹಾಲು ಕುಡಿದಿದ್ದರು. ಮಿಸೆಸ್ ಕ್ಲೆಗ್ ಸೊಂಟದ ಮೇಲೆ ಕೈಯಿಟ್ಟು, ಇಡೀ ಓಣಿಗೆ ಕೇಳುವಂತೆ ಅವರಿಗೆ ಬೈದಳು. ಆಮೇಲೆ ತಾನೇ ಆರೂ ಮನೆಗೆ ಹೋಗಿ ಸಮಾಧಾನ ಹೇಳಿ ಬಂದಳು. ಭಾವನಿಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅವತ್ತೇ. "ಹೆಂಗಸು ಮುಖದ ಮೇಲೆ ಹೇಳ್ತಾಳೆ. ಹಿಂದೆ ಆಡ್ಕ್ಯಣಲ್ಲ," ಎಂದರು.

ಸಭಾಂಗಣದ ಹಿಂದಿನ ಓಣಿ

ಶನಿವಾರ ಮಧ್ಯಾಹ್ನ ಆ ಊರಿನ ಸಭಾಂಗಣದಲ್ಲಿ ಭಾವನ ಮೊದಲ ದೊಡ್ಡ ಕುಸ್ತಿ. ಎದುರಾಳಿ ಸ್ಟ್ಯಾನ್ ಎಂಬ ಕಲ್ಲಿದ್ದಲ ಗಣಿಯ ಆಳು. ಕುಸ್ತಿಯನ್ನು ಟೆಲಿವಿಷನ್ನಿನವರು ನಡೆಯುವಾಗಲೇ ದೇಶಕ್ಕೆಲ್ಲ ತೋರಿಸುತ್ತಾರೆ ಎಂದು ಏಜೆಂಟನ ಕಡೆಯವನು ಹೇಳಿದ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ: ಬೇಗ ಗೆಲ್ಲಬಾರದು, ಜನಕ್ಕೆ ಆಟ ಬೇಕು, ನೋವಾದಂತೆ ಒದ್ದಾಡಬೇಕು, ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಭಾವ ನೆಲ ನೋಡಿದರು. "ನೋವು ಆಗ್ದಲೇ ನೋವು ಆದಂಗೆ ಮಾಡಾದು ನನಗೆ ಬರಲ್ಲ. ನೋವು ಆದ್ರೆ ಆಗ್ದಂಗೆ ಇರಾದು ಬರ್ತೈತೆ," ಎಂದರು.

ಅಲ್ಲಿ ಕೆಮ್ಮಣ್ಣಿನ ಕಣವಿಲ್ಲ. ನಾಲ್ಕು ಮೂಲೆಗೆ ಕಂಬ, ಸುತ್ತ ಹಗ್ಗ, ಕೆಳಗೆ ಹಲಗೆಯ ಮೇಲೆ ಬಿಗಿದ ದಪ್ಪ ಬಟ್ಟೆ. ಬಿದ್ದರೆ ಮಣ್ಣು ಪೆಟ್ಟನ್ನು ನುಂಗಿಕೊಳ್ಳುತ್ತದೆ, ಹಲಗೆ ತಿರುಗಿ ಹೊಡೆಯುತ್ತದೆ. ಭಾವ ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದರು.

ಅವತ್ತು ಬೆಳಗ್ಗೆ ಟೆಲಿವಿಷನ್ನಿನವರು ಎಲ್ಲ ಜೋಡಿಸುತ್ತಿದ್ದರು. ತೊಡೆಯಷ್ಟು ದಪ್ಪದ ವೈರುಗಳ ಕಂತೆಗಳು ಕಿಟಕಿಯ ಮೂಲಕ ಹೊರಗಿನ ವ್ಯಾನಿಗೆ ಹೋಗಿದ್ದವು. ಕ್ಯಾಮೆರಾಗಳು ಮೂರು. ಒಂದನೆಯದು ಎದುರಿನ ಮಹಡಿಯಿಂದ ಇಡೀ ಕಣವನ್ನು ನೋಡುತ್ತಿತ್ತು. ಎರಡನೆಯದು ಪಕ್ಕದ ಮಹಡಿಯಲ್ಲಿ. ಆಟಗಾರರನ್ನೂ ನೋಡಬಹುದು, ಜನರ ಕಡೆಗೂ ತಿರುಗಬಹುದು. ಮೂರನೆಯದು ಹಗ್ಗದ ಪಕ್ಕದಲ್ಲೇ, ಮುಖಗಳಿಗಾಗಿ.

ಇದನ್ನೆಲ್ಲ ನನಗೆ ತೋರಿಸಿದವರು ಆ ದಿನದ ನಿರ್ದೇಶಕ ಹಾರ್ಟ್ಲಿ. ಸಣಕಲು ಮನುಷ್ಯ, ಉಗುರು ಕಚ್ಚುವ ಚಾಳಿ. ಅವರಿಗೂ ಒಂದು ಚಿಂತೆಯಿತ್ತು. ಕಣದ ಕೆಳಗೆ ಮೈಕು ಕಟ್ಟಿರುತ್ತಾರೆ. ಪೈಲ್ವಾನರು ಆಡುವ ಮಾತು ನೇರವಾಗಿ ಜನರ ಮನೆಗೆ ಹೋಗುತ್ತದೆ. ಇಂಗ್ಲಿಷಿನವನು ಕೆಟ್ಟ ಮಾತಾಡಿದರೆ ಧ್ವನಿ ನೋಡಿಕೊಳ್ಳುವವನು ತಕ್ಷಣ ತಗ್ಗಿಸಬಲ್ಲ. "ಆದರೆ ನಿಮ್ಮವರು ಬೈದರೆ ನಮಗೆ ಹೇಗೆ ತಿಳಿಯಬೇಕು?" ಎಂದು ಕೇಳಿದರು. "ನೀವು ವ್ಯಾನಿನಲ್ಲಿ ನಮ್ಮ ಜೊತೆ ಕೂತುಕೊಳ್ಳಿ. ಬೈಗುಳ ಬಂದರೆ ಕೈ ಎತ್ತಿ."

ಗರಡಿಯಲ್ಲಿ ಭಾವನ ನಾಲಿಗೆ ಹೇಗೆ ಹರಿಯುತ್ತದೆಂದು ನನಗೆ ಗೊತ್ತಿತ್ತು. ಕೈ ಇಳಿಸಲು ಬಿಡುವೇ ಸಿಗಲಾರದು ಎಂದುಕೊಂಡೆ. ಆದರೆ ಕಣದ ಹತ್ತಿರ ಇರುತ್ತೇನೆಂದು ಭಾವನಿಗೆ ಮಾತು ಕೊಟ್ಟಿದ್ದೆನಲ್ಲ ಎಂಬುದು ಇನ್ನೂ ದೊಡ್ಡ ಸಂಕಟವಾಯಿತು. ಹೋಗಿ ಕೇಳಿದೆ.

"ಅಲ್ಲಿ ಕುಂತ್ರೆ ನನ್ನ ಮಾತು ನಿನಗೆ ಕೇಳ್ತೈತಾ?" ಎಂದರು ಭಾವ.

"ಇಲ್ಲಿಗಿಂತ ಚೆನ್ನಾಗಿ ಕೇಳ್ತೈತೆ ಭಾವ."

"ಹಂಗಾದ್ರೆ ಅಲ್ಲೇ ಕುಂತ್ಗ."

ವ್ಯಾನಿನೊಳಗೆ

ಬಾಗಿಲು ಮುಚ್ಚಿದರೆ ಒಳಗೆ ಕತ್ತಲೆ, ಬಿಸಿ. ಎದುರಿನ ಗೋಡೆಯಲ್ಲಿ ಮೂರು ಸಣ್ಣ ಪರದೆ, ಒಂದೊಂದು ಕ್ಯಾಮೆರಾಕ್ಕೆ ಒಂದೊಂದು. ಅವುಗಳ ಪಕ್ಕ ಸ್ವಲ್ಪ ದೊಡ್ಡದು. ಅದರಲ್ಲಿ ಕಾಣುವುದೇ ದೇಶಕ್ಕೆಲ್ಲ ಕಾಣುವುದು. ನಡುವೆ ಹಾರ್ಟ್ಲಿ. ಅವರ ಬಲಕ್ಕೆ ಡೋರಿಸ್ ಎಂಬ ನಡುವಯಸ್ಸಿನ ಹೆಂಗಸು, ಅವಳ ಬೆರಳುಗಳ ಕೆಳಗೆ ಗುಂಡಿಗಳ ಸಾಲು. ಯಾವ ಗುಂಡಿ ಒತ್ತುತ್ತಾಳೋ ಆ ಕ್ಯಾಮೆರಾದ ಚಿತ್ರ ಮನೆಮನೆಗೆ ಹೋಗುತ್ತದೆ. ಎಡಕ್ಕೆ ಒಬ್ಬ ಹುಡುಗಿ, ಕೊರಳಲ್ಲಿ ಸ್ಟಾಪ್‌ವಾಚು, ಕೈಯಲ್ಲಿ ಲಂಡನ್ನಿನ ಟೆಲಿಫೋನು. ಕುಸ್ತಿ ಮುಗಿದ ಕೂಡಲೇ ಲಂಡನ್ನಿನವರು ಫುಟ್‌ಬಾಲಿನ ಫಲಿತಾಂಶ ಹೇಳಬೇಕು. ಮೊದಲೇ ಮುಗಿದರೂ ಕಷ್ಟ, ತಡವಾದರೂ ಕಷ್ಟ. ಮೂಲೆಯಲ್ಲಿ ಧ್ವನಿಯವನು. ಅವನ ಪಕ್ಕದ ಸ್ಟೂಲಿನ ಮೇಲೆ ನಾನು.

ಹಾರ್ಟ್ಲಿ ಮಾತಾಡಿದ್ದು ವೈರಿನ ಮೂಲಕ ಕ್ಯಾಮೆರಾದವರ ಕಿವಿಗೆ ಹೋಗುತ್ತಿತ್ತು. ಅವರು ಮಾತ್ರ ಬಾಯಿ ಬಿಡುವಂತಿಲ್ಲ, ಸುತ್ತ ಜನ. ಹಾಗಾದರೆ ಉತ್ತರ ಕೊಡುವುದು ಹೇಗೆ? ಹಾರ್ಟ್ಲಿ, "ಮೂರು, ಕೇಳಿಸುತ್ತಿದೆಯಾ?" ಎಂದರು. ಮೂರನೆಯ ಪರದೆಯಲ್ಲಿ ಇಡೀ ಸಭಾಂಗಣ ಮೇಲೆ ಕೆಳಗೆ ಆಡಿತು. ಕ್ಯಾಮೆರಾ ತಲೆಯಾಡಿಸಿ ಹೌದು ಎಂದಿತ್ತು! "ಹಗ್ಗ ಅಡ್ಡ ಬರುತ್ತಿದೆಯಾ?" ಸಭಾಂಗಣ ಎಡಕ್ಕೂ ಬಲಕ್ಕೂ ಆಡಿತು: ಇಲ್ಲ. ಇಂಗ್ಲಿಷರು ನಮ್ಮ ಹಾಗೆ ತಲೆಯಾಡಿಸಿ ಮಾತಾಡಿದ್ದನ್ನು ನಾನು ಕಂಡದ್ದು ಅಲ್ಲೊಂದೇ ಕಡೆ.

ಕುಸ್ತಿ ಶುರುವಾಯಿತು. "ಎರಡು, ಸಿದ್ಧ. ಕಟ್ ಎರಡು. ಒಂದು, ಸ್ವಲ್ಪ ಅಗಲ. ಕಟ್ ಒಂದು." ಹಾರ್ಟ್ಲಿಯ ಬಾಯಿಂದ 'ಕಟ್' ಬರುವುದಕ್ಕೂ ಡೋರಿಸಳ ಬೆರಳು ಇಳಿಯುವುದಕ್ಕೂ ನಡುವೆ ಉಸಿರಿನಷ್ಟೂ ಅಂತರವಿರಲಿಲ್ಲ. ನಮ್ಮೂರ ಗಿರಣಿಯಲ್ಲಿ ಎಳೆ ಹರಿದದ್ದನ್ನು ಕಣ್ಣಿನಿಂದ ನೋಡದೆಯೇ ಗಂಟು ಹಾಕುವ ಕೈಗಳನ್ನು ಕಂಡಿದ್ದೇನೆ. ಅಂಥ ಕೈ ಅದು. ಎದುರಿನಲ್ಲಿ ಮೂರು ಭಾವಂದಿರು ಕಾಣುತ್ತಿದ್ದರು, ಒಬ್ಬರು ದೂರ, ಒಬ್ಬರು ನಡುವೆ, ಒಬ್ಬರ ಮುಖವೇ ಮುಖ. ನನಗೆ ಯಾರನ್ನು ನೋಡಬೇಕೆಂದು ತಿಳಿಯದೆ ತಲೆ ಸುತ್ತಿತು.

ಭಾವ ಎರಡು ಸಲ ಸ್ಟ್ಯಾನನನ್ನು ಬೀಳಿಸಿದರು. ಚಿತ್ ಮಾಡದೆ ಬಿಟ್ಟರು. ಬೈಯಲೂ ಇಲ್ಲ. ಒಂದು ಸಲ "ಏಳಪ, ಏಳು" ಎಂದದ್ದು ಮೈಕಿನಲ್ಲಿ ಬಂತು. ಧ್ವನಿಯವನು ನನ್ನ ಕಡೆ ನೋಡಿದ. ಬೈಗುಳವಲ್ಲ ಎಂದು ಕೈ ಅಲ್ಲಾಡಿಸಿದೆ.

ಮೂರನೆಯ ಸುತ್ತಿನಲ್ಲಿ ಸ್ಟ್ಯಾನ್ ಹಗ್ಗಕ್ಕೆ ಒರಗಿದ್ದ ಭಾವನನ್ನು ಎತ್ತಿ ಕಣದ ನಡುವಿಗೆ ಎಸೆದ. ಭಾವ ಬಲಗೈ ಊರಿ ಹಲಗೆಯ ಮೇಲೆ ಬಿದ್ದರು. ಮಣ್ಣಾಗಿದ್ದರೆ ಕೈ ಜಾರುತ್ತಿತ್ತು. ಆ ಬಟ್ಟೆಯ ಮೇಲೆ ಜಾರಲಿಲ್ಲ. ಸ್ಟ್ಯಾನ್ ಮೇಲೆ ಬಿದ್ದು ಅದೇ ತೋಳನ್ನು ಹಿಡಿದು ತಿರುಚಿದ.

"ಬ್ಯಾಡ!" ಎಂದರು ಭಾವ. "ಬ್ಯಾಡ! ಬ್ಯಾಡ!"

ವ್ಯಾನಿನಲ್ಲಿ ಎಲ್ಲರೂ ನಕ್ಕರು. "ಕೇಳಿದಿರಾ, ಸ್ಟ್ಯಾನನನ್ನು ಕೆಟ್ಟವನು ಅಂತಿದ್ದಾನೆ! ಇಂಗ್ಲಿಷ್ ಕಲಿತುಬಿಟ್ಟ," ಎಂದ ಧ್ವನಿಯವನು. ಹೊರಗೆ ಜನರಿಗೂ ಹಾಗೆಯೇ ಕೇಳಿಸಿತು. ಇಂಗ್ಲಿಷಿನಲ್ಲಿ ಕೆಟ್ಟದ್ದಕ್ಕೆ 'ಬ್ಯಾಡ್' ಅನ್ನುತ್ತಾರಲ್ಲ. ಸಭಾಂಗಣವೇ ಕಾಲು ಬಡಿಯುತ್ತ, "ಬ್ಯಾಡ್! ಬ್ಯಾಡ್!" ಎಂದು ಕೂಗತೊಡಗಿತು. ಸ್ಟ್ಯಾನ್ ಜನರಿಗೆ ಹಲ್ಲು ಕಿರಿದು ಇನ್ನಷ್ಟು ತಿರುಚಿದ. ಅವನಿಗೂ ಅದು ಆಟವೇ. ರೆಫರಿ ಬಗ್ಗಿ ಸೋತೆಯಾ ಎಂದು ಕೇಳಿದ. ಭಾವನಿಗೆ ಆ ಪ್ರಶ್ನೆ ತಿಳಿಯಲಿಲ್ಲ.

ಆಗ ಮೈಕಿನಲ್ಲಿ ಮೆಲ್ಲಗೆ, ನನಗೊಬ್ಬನಿಗೇ ಹೇಳಿದಂತೆ ಬಂತು: "ರುದ್ರೇಶಿ... ತೋಳು ಕಳಚೈತೋ... ಇವ್ರಿಗೆ ಹೇಳೋ..."

ನಾನು ಎದ್ದು ನಿಂತೆ. ತಲೆ ವ್ಯಾನಿನ ಮಾಡಿಗೆ ಬಡಿಯಿತು. ಕೈ ಎತ್ತಿದೆ. ಧ್ವನಿಯವನು ಬೈಗುಳವೆಂದು ತಿಳಿದು ಮೈಕು ತಗ್ಗಿಸಿದ, ಭಾವನ ಧ್ವನಿಯೇ ನಿಂತುಹೋಯಿತು. ಹತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ ಒಂದು ಇಂಗ್ಲಿಷ್ ಪದ ಬರಲಿಲ್ಲ. "ಸರ್, ಬ್ಯಾಡ್ ಅಲ್ಲ, ಬ್ಯಾಡ!" ಎಂದು ಕನ್ನಡದಲ್ಲೇ ಕಿರುಚಿದೆ. ಹಾರ್ಟ್ಲಿ ತಿರುಗಿದರು. ಆಗ ಹೇಗೋ ಮಾತು ಬಂತು. "ನಮ್ಮ ಭಾಷೆಯಲ್ಲಿ ಅದು 'ಮಾಡಬೇಡ' ಎಂದು. ಅವರು ನಟಿಸುತ್ತಿಲ್ಲ. ತೋಳು ಕೀಲಿನಿಂದ ಹೊರಗೆ ಬಂದಿದೆ. ನಿಲ್ಲಿಸಿ!"

ಹಾರ್ಟ್ಲಿ ನನ್ನನ್ನು ಒಂದು ಕ್ಷಣ ನೋಡಿದರು, ನಂಬಲೋ ಬೇಡವೋ ಎಂಬಂತೆ. ನಿಲ್ಲಿಸಿಬಿಟ್ಟು ಆಮೇಲೆ ಸುಳ್ಳಾದರೆ ಅವರ ಗತಿ ಏನೋ. ಪರದೆಯ ಕಡೆ ತಿರುಗಿದರು. "ಮೂರು, ಬಲ ಭುಜ ನೋಡು. ಹೊರಗೆ ಬಂದಿದೆಯಾ?"

ಮೂರನೆಯ ಪರದೆಯಲ್ಲಿ ಭುಜ ದೊಡ್ಡದಾಯಿತು. ಚಿತ್ರ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು. ಆಮೇಲೆ ನಿಧಾನವಾಗಿ ಮೇಲೆ ಹೋಗಿ ಕೆಳಗೆ ಬಂತು. ಹೌದು.

ಹಾರ್ಟ್ಲಿ ಕಣದ ಪಕ್ಕದಲ್ಲಿದ್ದ ತಮ್ಮ ಸಹಾಯಕನಿಗೆ ಅದೇ ವೈರಿನ ಮೂಲಕ ಹೇಳಿದರು, "ರೆಫರಿಗೆ ಹೇಳು. ನಿಜವಾದ ಪೆಟ್ಟು. ಈಗಲೇ." ಒಂದನೆಯ ಪರದೆಯಲ್ಲಿ, ದೂರದಲ್ಲಿ, ಒಬ್ಬ ಮನುಷ್ಯ ಓಡಿಹೋಗಿ ಎರಡೂ ಕೈಯಿಂದ ಹಲಗೆ ಬಡಿಯುವುದು ಕಂಡಿತು. ರೆಫರಿಗೆ ಕೇಳಿಸಲಿಲ್ಲ. ಮತ್ತೆ ಬಡಿದ. ಆ ಹೊತ್ತಿನಷ್ಟು ಉದ್ದವಾದ ಹೊತ್ತನ್ನು ನಾನು ಕಂಡಿಲ್ಲ. ಕೊನೆಗೆ ರೆಫರಿ ಬಗ್ಗಿದ, ಕೇಳಿದ, ಸ್ಟ್ಯಾನನನ್ನು ಹೆಗಲು ಹಿಡಿದು ಎಳೆದ.

ಭಾವ ಅಂಗಾತ ಹೊರಳಿದರು. ಮೂರನೆಯ ಪರದೆಯ ತುಂಬ ಅವರ ಮುಖ ಬಂತು. ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಬಾಯಿ ಸಣ್ಣ ಮಗುವಿನ ಹಾಗೆ ಸೊಟ್ಟಗಾಗಿತ್ತು. ಅಕ್ಕನೂ ಆ ಮುಖ ಕಂಡಿರಲಾರಳು.

"ಮೂರು, ಸಿದ್ಧ," ಎಂದರು ಹಾರ್ಟ್ಲಿ, ರೂಢಿಯ ಮೇಲೆ. ಡೋರಿಸಳ ಬೆರಳು ಮೂರನೆಯ ಗುಂಡಿಯ ಮೇಲೆ ಬಂದು ಕೂತಿತು. ನಾನು ಹಾರ್ಟ್ಲಿಯ ಬಾಯಿ ನೋಡಿದೆ. 'ಕಟ್' ಬರಲಿಲ್ಲ. ಅವರು ಆ ಮುಖವನ್ನು ನೋಡುತ್ತಲೇ ಇದ್ದರು.

"ಬೇಡ," ಎಂದರು. "ಒಂದರಲ್ಲೇ ಇರು. ಎರಡು, ಜನರ ಕಡೆ ತಿರುಗು."

ಡೋರಿಸ್ ಕಾದ ಹಂಚಿನಿಂದ ಎಂಬಂತೆ ಬೆರಳು ತೆಗೆದಳು. ಟೆಲಿಫೋನಿನ ಹುಡುಗಿ, "ಲಂಡನ್ ಕೇಳುತ್ತಿದೆ, ಅವನ ಮುಖ ಯಾಕೆ ತೋರಿಸುತ್ತಿಲ್ಲ ಎಂದು," ಎಂದಳು. ಹಾರ್ಟ್ಲಿ ಹೇಳಿದರು, "ಮೂರರ ಚಿತ್ರ ಕೆಟ್ಟಿದೆ ಎನ್ನು."

ಚಿತ್ರ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಹುಡುಗಿ ಟೆಲಿಫೋನಿಗೆ ಹಾಗೆಯೇ ಹೇಳಿದಳು. ಎರಡನೆಯ ಕ್ಯಾಮೆರಾದವನು, ಹಗ್ಗದ ಕೆಳಗಿನಿಂದ ಸ್ಟ್ಯಾನನ ಕಾಲಿಗೆ ಕೈಚೀಲದಿಂದ ಬಡಿಯುತ್ತಿದ್ದ ಒಬ್ಬ ಮುದುಕಿಯನ್ನು ಹುಡುಕಿ ಕೊಟ್ಟ. "ಕಟ್ ಎರಡು." ಭಾವನನ್ನು ಇಳಿಸುವಷ್ಟು ಹೊತ್ತೂ ದೇಶವೆಲ್ಲ ಆ ಮುದುಕಿಯನ್ನು ನೋಡಿತು. ನಾನು ಬಾಗಿಲ ಹತ್ತಿರ ಹೋದೆ. ತೆಗೆದರೆ ಬೆಳಕು ಪರದೆಗಳ ಮೇಲೆ ಬೀಳುತ್ತದೆಂದು ತಿಳಿದಿತ್ತು. ಹಾರ್ಟ್ಲಿ ತಿರುಗದೆಯೇ, "ಹೋಗಿ, ಹೋಗಿ," ಎಂದರು.

ಮಿಸೆಸ್ ಕ್ಲೆಗ್‌ಳ ಮನೆ

ಆಸ್ಪತ್ರೆಯಲ್ಲಿ ತೋಳನ್ನು ಮತ್ತೆ ಕೀಲಿಗೆ ಕೂರಿಸಿ, ಕೊರಳಿಗೆ ಜೋಳಿಗೆಯಂತೆ ಬಟ್ಟೆ ಕಟ್ಟಿ ಕಳಿಸಿದರು. ಸ್ಟ್ಯಾನ್ ದ್ರಾಕ್ಷಿ ತಂದು ಬಾಗಿಲಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ. ಭಾವ ಎಡಗೈ ಕೊಟ್ಟು, "ನಿನ್ನ ತಪ್ಪಲ್ಲ ಬಿಡಪ," ಎಂದರು. ಗಂಡಾಂತರ ಕಳೆಯಿತು ಎಂದುಕೊಂಡೆ.

ಕಳೆದಿರಲಿಲ್ಲ. ಮನೆಗೆ ಬಂದವರು ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕೆಳಗೆ ಬರಲಿಲ್ಲ. ತಟ್ಟೆ ಮೇಲೆ ಒಯ್ದರೆ ಎರಡು ತುತ್ತು ತಿಂದು ಬಿಟ್ಟರು. ಹಗಲಿನಲ್ಲೂ ಕಿಟಕಿಯ ಪರದೆ ಎಳೆಯಿಸಿದರು. ನೋವೇ ಎಂದರೆ ಅಲ್ಲ, ಊರು ನೆನಪಾಯಿತೇ ಎಂದರೆ ಅಲ್ಲ. ಮುಖ ನೋಡಿ ತಿಳಿದುಕೊ ಎಂದಿದ್ದಳು ಅಕ್ಕ. ಮುಖವನ್ನೇ ತೋರಿಸದವರ ಹತ್ತಿರ ಏನು ತಿಳಿಯುವುದು? ದಿನ ಕಳೆದಂತೆ ನನಗೆ ಏನೇನೋ ಕೆಟ್ಟ ಯೋಚನೆಗಳು ಬಂದವು. ಅವರ ಕೋಣೆಯ ಬಾಗಿಲಲ್ಲೇ ಕೂತು ಕಾಯುವಂತಾಯಿತು.

ಶುಕ್ರವಾರ, ನಾನು ಕೊನೆಗೆ ರೇಗಿಬಿಟ್ಟೆ. "ಏನಾಗೈತೆ ಹೇಳ್ರಿ ಭಾವ! ಅಕ್ಕಗೆ ನಾನೇನು ಹೇಳ್ಲಿ?"

ಅವರು ಗೋಡೆಗೇ ಹೇಳಿದರು: "ಊರಾಗ ಬಿದ್ರೆ ಕಣದ ಸುತ್ತ ಇದ್ದೋರು ನೋಡ್ತಾರೆ, ಮರೀತಾರೆ. ಇಲ್ಲಿ ಮನಿ ಮನ್ಯಾಗೂ ನೋಡ್ಯಾರಲ್ಲೋ. ಆ ಕ್ಯಾಮೆರಾದೋನು ನನ್ನ ಮುಖಕ್ಕೇ ಹಿಡ್ದಿದ್ದ. ಕೂಸಿನಂಗೆ ಅತ್ತೀನಿ. ಈ ಓಣ್ಯಾಗ ಹೆಂಗೆ ತಿರುಗಾಡ್ಲಿ? ನಾಕು ಜನದ ಎದುರಿಗೆ ಹೆಂಗೆ ನಿಂದ್ರಲಿ?"

"ಯಾರೂ ನೋಡಿಲ್ಲ ಭಾವ! ಆ ಕ್ಯಾಮೆರಾದ್ದು ಹೊರಗೆ ಹೋಗ್ಲೇ ಇಲ್ಲ. ಗುಂಡಿ ಒತ್ಲಿಲ್ಲ. ನೋಡಿದ್ದು ವ್ಯಾನಿನಾಗ ಇದ್ದ ನಾವು ನಾಕೈದು ಜನ ಅಷ್ಟೇ."

"ನನ್ನ ಸಮಾಧಾನಕ್ಕೆ ಹೇಳ್ತೀಯ. ನೀನು ಸಣ್ಣೋನಿದ್ದಾಗಿಂದ ಹಂಗೇ."

ಪರದೆ, ಗುಂಡಿ, ಒಂದು, ಎರಡು, ಎಲ್ಲ ಬಿಡಿಸಿ ಹೇಳಿದೆ. ನಂಬಲಿಲ್ಲ. ಅವತ್ತಿನ ಚಿತ್ರವನ್ನು ಎಲ್ಲಾದರೂ ಮತ್ತೆ ತೋರಿಸುವಂತಿದ್ದರೆ ತೋರಿಸುತ್ತಿದ್ದೆ. ಆದರೆ ಅದನ್ನು ಯಾರೂ ಹಿಡಿದಿಟ್ಟಿರಲಿಲ್ಲ, ಹೋದದ್ದು ಹೋಯಿತು. ದಿಕ್ಕು ತೋಚದೆ ಕೆಳಗೆ ಹೋಗಿ ಮಿಸೆಸ್ ಕ್ಲೆಗ್‌ಳನ್ನು ಕರೆತಂದೆ. ಆ ದಿನ ಕುಸ್ತಿಯನ್ನು ಅವಳು ತನ್ನ ಮನೆಯಲ್ಲೇ ನೋಡಿದ್ದಳು. ಏನು ಹೇಳಬೇಕೆಂದು ನಾನು ಅವಳಿಗೆ ಹೇಳಿಕೊಡಲಿಲ್ಲ. ಹೇಳಿಕೊಟ್ಟರೆ ಭಾವನಿಗೆ ತಿಳಿದುಬಿಡುತ್ತದೆಂದು ಹೆದರಿದೆ. "ಭಾವ ಬಿದ್ದ ಮೇಲೆ ನೀವು ಏನು ನೋಡಿದಿರಿ?" ಎಂದಷ್ಟೇ ಕೇಳಿದೆ.

ಅವಳಿಗೆ ಕೂಡಲೇ ಸಿಟ್ಟು ಬಂತು. "ಏನು ನೋಡಿದೆ! ದೂರದಿಂದ ಇವನ ಬೆನ್ನು, ಆಮೇಲೆ ಕೈಚೀಲ ಬೀಸುವ ಆ ಹುಚ್ಚು ಮುದುಕಿ! ನನಗೆ ಇವನ ಮುಖ ನೋಡಬೇಕಿತ್ತು, ಬದುಕಿದ್ದಾನೋ ಇಲ್ಲವೋ ತಿಳಿಯಬೇಕಿತ್ತು. ಎದ್ದು ನಿಂತು ಆ ಟೆಲಿವಿಷನ್ ಪೆಟ್ಟಿಗೆಗೇ ಬೈದೆ. ತೋರಿಸಲಿಲ್ಲ, ದರಿದ್ರದವರು!"

ನಾನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಭಾವ ನಿಧಾನವಾಗಿ ಈ ಕಡೆ ಹೊರಳಿ, ನನ್ನನ್ನಲ್ಲ, ಅವಳನ್ನೇ ನೋಡಿದರು. ಅವಳು ಇನ್ನೂ ಗೊಣಗುತ್ತಿದ್ದಳು.

"ದರಿದ್ರದೋರು ಅಂದ್ಲಾ?" ಎಂದು ಕೇಳಿದರು.

"ಅಂದ್ಲು."

ಭಾವ ಎದ್ದು ಕೂತರು. "ಹಸಿವಾಗೈತೆ," ಎಂದರು.

ಮರುದಿನ ಶನಿವಾರ. ಮಿಸೆಸ್ ಕ್ಲೆಗ್‌ಳ ಮುಂದಿನ ಕೋಣೆಯಲ್ಲಿ ಒಲೆಯ ಹತ್ತಿರ ಭಾವ ಕೂತಿದ್ದರು. ಟೆಲಿವಿಷನ್ನಿನಲ್ಲಿ ಬೇರೊಂದು ಊರಿನ ಕುಸ್ತಿ. ಭಾವ ಪೆಟ್ಟಿಗೆಯಲ್ಲಿ ಕುಸ್ತಿ ನೋಡುತ್ತಿದ್ದುದು ಅದೇ ಮೊದಲು. ಇಬ್ಬರು ಹುಡುಗರು ಸೆಣಸುತ್ತಿದ್ದರು. ಭಾವ ಪಟ್ಟುಗಳನ್ನು ನೋಡುತ್ತ ಎಡಗೈ ಬೆರಳು ಆಡಿಸುತ್ತಿದ್ದರು. ಅವರಲ್ಲಿ ಒಬ್ಬ ಮಂಡಿ ಹಿಡಿದುಕೊಂಡು ಬಿದ್ದ. ಚಿತ್ರ ಪಟ್ಟನೆ ಬದಲಾಗಿ ಅವನ ಮುಖ ಗಾಜಿನ ತುಂಬ ಬಂತು. ಅದು ನಟನೆಯೋ ನಿಜವೋ ನನಗೆ ತಿಳಿಯಲಿಲ್ಲ.

ಭಾವ ಎದ್ದು ಹೋಗಿ, ತಮ್ಮ ಅಗಲವಾದ ಎಡಗೈಯನ್ನು ಆ ಗಾಜಿನ ಮೇಲೆ ಇಟ್ಟು ಮುಖವನ್ನು ಮುಚ್ಚಿದರು. ಹಾಗೆಯೇ ನಿಂತರು. ಮತ್ತೆ ಚಿತ್ರ ಬದಲಾಯಿತು. ಬೆರಳುಗಳ ಸಂದಿಯಲ್ಲಿ, ದೂರದಲ್ಲಿ, ಆ ಹುಡುಗ ಹಗ್ಗ ಹಿಡಿದು ಮೇಲೇಳುವುದು ಕಂಡಿತು.

"ಎದ್ದ ಬಿಡು," ಎಂದು ಭಾವ ಕೈ ತೆಗೆದು ಬಂದು ಕೂತರು.